ಹಡಗಿನ ಊಟಕ್ಕೆ ಸೂಟೇ ಬೇಕಾ? ಒಂದು ನಿಯಮ ಬೆಳೆದು ಸಡಿಲವಾದ ಕಥೆ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆ ಮಕ್ಕಳು ಅಮೆರಿಕದಲ್ಲಿರುವ ಮನೆಗಳು ಈಗ ಬೇಕಾದಷ್ಟಿವೆ. ಅಪ್ಪ ಅಮ್ಮ ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ಮಕ್ಕಳು ಪ್ರೀತಿಯಿಂದ ಒಂದು ಕ್ರೂಸ್, ಅಂದರೆ ಹಡಗಿನ ಮೋಜಿನ ಪ್ರವಾಸ, ಬುಕ್ ಮಾಡುತ್ತಾರೆ. ಅಲಾಸ್ಕಾಗೋ, ಕೆರಿಬಿಯನ್ ದ್ವೀಪಗಳಿಗೋ ಏಳು ರಾತ್ರಿಯ ಪ್ರವಾಸ. ಟಿಕೆಟ್ ಜೊತೆಗೇ ಸೂಚನೆಗಳು ಬರುತ್ತವೆ. ಇಂಥ ದಿನ ‘ಫಾರ್ಮಲ್ ನೈಟ್’ (ಔಪಚಾರಿಕ ಉಡುಗೆಯ ರಾತ್ರಿ), ಅವತ್ತು ಮುಖ್ಯ ಡೈನಿಂಗ್ ಹಾಲ್‌ಗೆ ಬರುವವರು ಅದಕ್ಕೆ ತಕ್ಕ ಬಟ್ಟೆ ಹಾಕಿಕೊಂಡು ಬರಬೇಕು ಅಂತ. ಫೋನಿನಲ್ಲಿ ಪ್ರಶ್ನೆಗಳು ಶುರುವಾಗುವುದು ಆಗಲೇ. ಸೂಟ್ ಹೊಲಿಸಬೇಕಾ? ಪಂಚೆ ಉಟ್ಟರೆ ಒಳಗೆ ಬಿಡ್ತಾರಾ? ಚಡ್ಡಿ ಹಾಕಿಕೊಂಡ ಮೊಮ್ಮಗನನ್ನು ಬಾಗಿಲಲ್ಲೇ ನಿಲ್ಲಿಸ್ತಾರಾ?

ಒಂದೇ ಮಾತಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ. ಒಂದೊಂದು ಕಂಪನಿಯದು ಒಂದೊಂದು ರೀತಿ. ಒಂದೇ ಹಡಗಿನಲ್ಲೂ ಒಂದೊಂದು ಹಾಲ್‌ಗೆ ಒಂದೊಂದು ರೀತಿ. ಹೀಗೆ ಯಾಕಾಯಿತು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ವಿಮಾನ ಇಲ್ಲದ ಕಾಲದಲ್ಲಿ ಜನ ಹಡಗು ಹತ್ತುತ್ತಿದ್ದದ್ದು ಊರು ಸೇರಲು, ಮೋಜಿಗಲ್ಲ. ಬ್ರಿಟನ್ನಿನ ಕುನಾರ್ಡ್ ಕಂಪನಿಯ ಹಡಗು ‘ಬ್ರಿಟಾನಿಯಾ’ 1840ರಲ್ಲಿ ಅಟ್ಲಾಂಟಿಕ್ ದಾಟಿದ್ದು ಟಪಾಲು ಹೊತ್ತುಕೊಂಡು. ಮುಂದಿನ ಅರವತ್ತು ಎಪ್ಪತ್ತು ವರ್ಷಗಳಲ್ಲಿ ಹಡಗುಗಳು ದೊಡ್ಡದಾದವು. ಒಳಗೆ ದರ್ಜೆಗಳಾದವು. 1912ರಲ್ಲಿ ಮುಳುಗಿದ ಟೈಟಾನಿಕ್‌ನಲ್ಲೂ ಮೂರು ದರ್ಜೆ ಇತ್ತು. ಮೂರಕ್ಕೂ ಬೇರೆ ಬೇರೆ ಊಟದ ಹಾಲ್, ಬೇರೆ ಬೇರೆ ಅಡುಗೆ. ಒಂದು ದರ್ಜೆಯವರು ಇನ್ನೊಂದು ದರ್ಜೆಯ ಹಾಲ್‌ಗೆ ಕಾಲಿಡುವಂತಿರಲಿಲ್ಲ. ನಮ್ಮಲ್ಲಿ ಊಟದ ಮನೆಯಲ್ಲಿ ನಡೆಯುತ್ತಿದ್ದ ಪಂಕ್ತಿಭೇದವನ್ನು ನೆನೆಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ. ನಮ್ಮದು ಜಾತಿ ನೋಡಿ, ಅವರದು ದುಡ್ಡು ನೋಡಿ. ಇಬ್ಬರಿಗೂ ಮುಖ್ಯವಾಗಿದ್ದದ್ದು ಯಾರ ಪಕ್ಕ ಯಾರು ಕೂರಬೇಕು ಅನ್ನುವುದೇ.

ಬಟ್ಟೆಯ ನಿಯಮ ಈ ವಿಂಗಡಣೆಯ ಜೊತೆಗೇ ಬೆಳೆಯಿತು. ಇಂಗ್ಲೆಂಡಿನ ಶ್ರೀಮಂತರು ಮನೆಯಲ್ಲೂ ರಾತ್ರಿ ಊಟಕ್ಕೆ ಮುಂಚೆ ಬಟ್ಟೆ ಬದಲಿಸುತ್ತಿದ್ದರು. ಉದ್ದ ಬಾಲದ ಕರಿ ಕೋಟು, ಬಿಳಿ ಟೈ. 1865ರಲ್ಲಿ ಲಂಡನ್ನಿನ ಹೆನ್ರಿ ಪೂಲ್ ಅಂಗಡಿ ಅಲ್ಲಿನ ಯುವರಾಜನಿಗೆ ಬಾಲವಿಲ್ಲದ ಗಿಡ್ಡ ಕೋಟು ಹೊಲಿದುಕೊಟ್ಟಿತು. ಮುಂದೆ ನ್ಯೂಯಾರ್ಕ್ ಬಳಿಯ ಟಕ್ಸಿಡೊ ಪಾರ್ಕ್‌ನ ಶ್ರೀಮಂತರು ಅದನ್ನು ಹಾಕತೊಡಗಿದರು. ಇವತ್ತು ಟಕ್ಸಿಡೊ ಅಂತ ಕರೆಯುವುದು ಅದನ್ನೇ. ಈ ಜನರೇ ಹಡಗಿನ ಮೊದಲ ದರ್ಜೆಯಲ್ಲಿ ಹೋಗುತ್ತಿದ್ದವರು. ಹಾಗಾಗಿ ಮನೆಯ ರೂಢಿ ಹಡಗು ಹತ್ತಿತು.

ಇದಕ್ಕೆ ಒಂದು ವಿನಾಯಿತಿ ಇತ್ತು. ಮೊದಲ ರಾತ್ರಿ ಮತ್ತು ಕೊನೆಯ ರಾತ್ರಿ ಯಾರೂ ಕೋಟು ಬದಲಿಸಬೇಕಾಗಿರಲಿಲ್ಲ. ಮೊದಲ ದಿನ ಟ್ರಂಕು ಬಿಚ್ಚಿರುವುದಿಲ್ಲ, ಕೊನೆಯ ದಿನ ಕಟ್ಟಿಟ್ಟಾಗಿರುತ್ತದೆ. ಇವತ್ತಿಗೂ ಕ್ರೂಸ್‌ಗಳು ಸಾಮಾನ್ಯವಾಗಿ ಮೊದಲ ರಾತ್ರಿ ಫಾರ್ಮಲ್ ನೈಟ್ ಇಡುವುದಿಲ್ಲ.

ಹಡಗು ಕಟ್ಟುವವರೂ ಈ ಉಡುಗೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದರು. 1935ರಲ್ಲಿ ಹೊರಟ ಫ್ರೆಂಚರ ‘ನಾರ್ಮಂಡಿ’ಯ ಮೊದಲ ದರ್ಜೆಯ ಊಟದ ಹಾಲ್ ಸುಮಾರು 93 ಮೀಟರ್ ಉದ್ದ. ಒಂದೇ ಸಲ 700 ಜನ ಕೂರಬಹುದಿತ್ತು. ಅದಕ್ಕೆ ಮೆಟ್ಟಿಲು ಇಳಿದು ಬರಬೇಕು. ಇಳಿಯುವವರನ್ನು ಕೆಳಗೆ ಕೂತವರೆಲ್ಲ ನೋಡುತ್ತಾರೆ. ಅಂಥ ಜಾಗದಲ್ಲಿ ಉಡುಗೆ ಅನ್ನುವುದು ಊಟದಷ್ಟೇ ದೊಡ್ಡ ವಿಷಯವಾಗಿತ್ತು.

ನಮ್ಮ ಕಡೆಯ ದಾರಿ ಬೇರೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಇಂಗ್ಲೆಂಡ್ ಮತ್ತು ಬೊಂಬಾಯಿ ನಡುವೆ ಓಡಾಟ ಜಾಸ್ತಿಯಾಯಿತು. ಆ ದಾರಿಯಲ್ಲಿ ಪಿ ಅಂಡ್ ಓ ಕಂಪನಿಯ ಹಡಗುಗಳದ್ದೇ ದೊಡ್ಡ ಹೆಸರು. ಕೋಲಾರದ ಚಿನ್ನದ ಗಣಿಗಳನ್ನು ನಡೆಸುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಇಂಗ್ಲಿಷ್ ಅಧಿಕಾರಿಗಳು ಊರಿಗೆ ಹೋಗಿ ಬರುತ್ತಿದ್ದದ್ದೂ ಹಡಗಿನಲ್ಲೇ. ಕೆಜಿಎಫ್‌ನಲ್ಲಿ ಅವರು ಕಟ್ಟಿಕೊಂಡ ಬಂಗಲೆಗಳು, ಕ್ಲಬ್ಬು, ಗಾಲ್ಫ್ ಮೈದಾನ ನೋಡಿದರೆ ಆ ಜಗತ್ತು ಕಣ್ಣಿಗೆ ಕಟ್ಟುತ್ತದೆ. ಹಡಗಿನ ಡೈನಿಂಗ್ ಹಾಲ್‌ನ ರೀತಿನೀತಿಯೂ ಕ್ಲಬ್ಬಿನ ರೀತಿನೀತಿಯೂ ಒಂದೇ ಮನೆತನದವು. ಎ.ಸಿ. ಇಲ್ಲದ ಕಾಲದಲ್ಲಿ ಕೆಂಪು ಸಮುದ್ರದ ಸೆಕೆಗೆ ಕರಿ ಕೋಟು ತಡೆಯಲಾಗದು. ಆಗ ಕೋಟು ಬಿಟ್ಟು ಬಿಳಿ ಅಂಗಿ, ಕರಿ ಪ್ಯಾಂಟು, ಸೊಂಟಕ್ಕೊಂದು ಪಟ್ಟಿ ಕಟ್ಟಿಕೊಂಡು ಊಟಕ್ಕೆ ಬರುವುದನ್ನು ಒಪ್ಪಿಕೊಂಡರು. ‘ರೆಡ್ ಸೀ ರಿಗ್’ ಅನ್ನುವ ಹೆಸರಿನಲ್ಲಿ ಆ ಉಡುಗೆ ಇವತ್ತಿಗೂ ಇದೆ. ಸೆಕೆ ಬಂದಾಗ ನಿಯಮ ಬಗ್ಗಿತು ಅನ್ನುವುದನ್ನು ನಾವು ಗಮನಿಸಬೇಕು. ನಿಯಮ ಕಲ್ಲಿನಲ್ಲಿ ಕೆತ್ತಿದ್ದಾಗಿರಲಿಲ್ಲ.

ಈ ಹಡಗುಗಳಲ್ಲಿ ಹೋದ ಭಾರತೀಯರ ಪಾಡೇನಾಗಿತ್ತು? ಗಾಂಧೀಜಿ 1888ರಲ್ಲಿ ಬೊಂಬಾಯಿಯಿಂದ ‘ಕ್ಲೈಡ್’ ಹಡಗಿನಲ್ಲಿ ಲಂಡನ್ನಿಗೆ ಹೊರಟಾಗ ಹದಿನೆಂಟರ ಹುಡುಗ. ಮುಳ್ಳುಚಮಚ, ಚಾಕು ಹಿಡಿಯಲು ಬರುತ್ತಿರಲಿಲ್ಲ. ಯಾವ ಪದಾರ್ಥದಲ್ಲಿ ಮಾಂಸ ಇಲ್ಲ ಅಂತ ಕೇಳಲು ಧೈರ್ಯವಿರಲಿಲ್ಲ. ಹಾಗಾಗಿ ಊಟದ ಮೇಜಿಗೇ ಹೋಗದೆ, ಮನೆಯಿಂದ ತಂದಿದ್ದ ಸಿಹಿ, ಹಣ್ಣು ತಿಂದುಕೊಂಡು ಕ್ಯಾಬಿನ್ನಿನಲ್ಲೇ ಇದ್ದೆ ಅಂತ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹಡಗಿನಲ್ಲಿ ಕರಿ ಸೂಟ್ ಹಾಕಿಕೊಂಡಿದ್ದರು. ಬಿಳಿ ಫ್ಲಾನೆಲ್ ಸೂಟನ್ನು ಇಳಿಯುವ ದಿನಕ್ಕೆ ಅಂತ ತೆಗೆದಿಟ್ಟಿದ್ದರು. ಸೆಪ್ಟೆಂಬರ್ ಕೊನೆಯಲ್ಲಿ ಇಳಿದು ನೋಡಿದರೆ ಬಿಳಿ ಬಟ್ಟೆ ಹಾಕಿದವರು ಅವರೊಬ್ಬರೇ. ಆ ನಾಚಿಕೆಯನ್ನು ಅವರು ಮರೆಮಾಚಿಲ್ಲ. ಅದೇ ಗಾಂಧೀಜಿ 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ‘ರಜಪುತಾನಾ’ ಹಡಗಿನಲ್ಲಿ ಹೊರಟಾಗ ಉಟ್ಟಿದ್ದದ್ದು ತುಂಡು ಪಂಚೆ, ಹೊದ್ದಿದ್ದದ್ದು ಶಾಲು. ಬಕಿಂಗ್‌ಹ್ಯಾಮ್ ಅರಮನೆಗೂ ಹಾಗೇ ಹೋದರು.

ನಮ್ಮ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು ಇನ್ನೊಂದು ದಾರಿ ಹಿಡಿದರು. 1898ರಲ್ಲಿ ಜಪಾನಿಗೆ ಹೋದರು. ಆಮೇಲೆ ಯುರೋಪು, ಅಮೆರಿಕ ಸುತ್ತಿದರು. ಬಟ್ಟೆಯ ವಿಷಯದಲ್ಲಿ ಅವರದ್ದು ಕಟ್ಟುನಿಟ್ಟು. ಯಾವ ಫೋಟೊ ನೋಡಿದರೂ ಸುಕ್ಕಿಲ್ಲದ ಕೋಟು, ಟೈ, ತಲೆಗೆ ಮೈಸೂರು ಪೇಟ. ಕೋಟು ಲೋಕದ್ದು, ಪೇಟ ಊರಿನದ್ದು. ಎರಡನ್ನೂ ಬಿಡಲಿಲ್ಲ. ನನಗೆ ಇದರಲ್ಲಿ ಹಿಂಜರಿಕೆ ಕಾಣುವುದಿಲ್ಲ, ಭರವಸೆ ಕಾಣುತ್ತದೆ. ಅಂದ ಹಾಗೆ, ಉಡುಗೆಯ ಶಿಸ್ತು ಇಂಗ್ಲಿಷರಿಂದ ಮಾತ್ರ ಬಂದದ್ದೇನಲ್ಲ. ಮೈಸೂರು ದರ್ಬಾರಿಗೆ ಹೋಗುವವರು ಕರಿ ಉದ್ದ ಕೋಟು, ಜರಿ ಪೇಟ, ಹೆಗಲಿಗೆ ವಲ್ಲಿ ಅಂತ ಹೊರಡಬೇಕಿತ್ತು. ಎಷ್ಟೋ ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆದೇ ಒಳಗೆ ಹೋಗಬೇಕು. ಒಂದು ಕಡೆ ಹಾಕಿಕೊಳ್ಳುವುದು ಮರ್ಯಾದೆ, ಇನ್ನೊಂದು ಕಡೆ ತೆಗೆಯುವುದು ಮರ್ಯಾದೆ.

1958ರ ಅಕ್ಟೋಬರ್‌ನಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ಮೇಲೆ ಪ್ರಯಾಣಿಕರನ್ನು ಕರೆದೊಯ್ಯಲು ಶುರು ಮಾಡಿದವು. ಐದು ದಿನದ ದಾರಿ ಕೆಲವೇ ಗಂಟೆಗಳದ್ದಾಯಿತು. ಊರು ಸೇರಲು ಹಡಗು ಬೇಡವಾಯಿತು. ಉಳಿಯಬೇಕಾದರೆ ಹಡಗು ತಾನೇ ಊರಾಗಬೇಕು. ಅಲ್ಲಿಂದ ಶುರುವಾದದ್ದು ಇವತ್ತಿನ ಕ್ರೂಸ್ ವ್ಯಾಪಾರ. 1966ರಲ್ಲಿ ಮಯಾಮಿಯಿಂದ ‘ನಾರ್ವೇಜಿಯನ್’ ಅನ್ನುವ ಹೆಸರಿನ ಕಂಪನಿ, 1968ರಲ್ಲಿ ರಾಯಲ್ ಕೆರಿಬಿಯನ್, 1972ರಲ್ಲಿ ಕಾರ್ನಿವಲ್ ಹುಟ್ಟಿಕೊಂಡವು. ಕಾರ್ನಿವಲ್‌ನ ಮೊದಲ ಹಡಗು ‘ಮಾರ್ಡಿ ಗ್ರಾ’ ಮೊದಲ ಪ್ರವಾಸದಲ್ಲೇ ಮಯಾಮಿ ಹತ್ತಿರ ಮರಳಿನಲ್ಲಿ ಸಿಕ್ಕಿಕೊಂಡಿತ್ತು. ಆದರೂ ಕಂಪನಿ ನಿಂತಿತು, ಈಗ ಜಗತ್ತಿನ ಅತಿ ದೊಡ್ಡ ಕ್ರೂಸ್ ಕಂಪನಿ ಅದೇ.

ಇಲ್ಲಿ ಹತ್ತಿದವರು ಸಾಧಾರಣ ಸಂಬಳದ ಜನ. ಹಗಲೆಲ್ಲ ಈಜುಕೊಳ, ಬಿಸಿಲು, ಬೀಚು. ಹಳೆ ದರ್ಜೆಗಳು ಹೋದವು, ಎಲ್ಲರಿಗೂ ಒಂದೇ ಮುಖ್ಯ ಡೈನಿಂಗ್ ಹಾಲ್. ಆದರೂ ಫಾರ್ಮಲ್ ನೈಟ್ ಉಳಿಯಿತು. ಯಾಕೆ? ಹಳೆ ಶ್ರೀಮಂತರ ಊಟದ ರುಚಿಯನ್ನು ಒಂದೆರಡು ರಾತ್ರಿಯಾದರೂ ನೋಡುವ ಆಸೆ ಜನರಿಗಿತ್ತು. ಕಂಪನಿಗೂ ಅದು ಬೇಕಿತ್ತು. ಅವತ್ತೇ ಕ್ಯಾಪ್ಟನ್ ಜೊತೆ ಪಾರ್ಟಿ. ಅವತ್ತೇ ಪರದೆ ಕಟ್ಟಿ, ದೀಪ ಹಚ್ಚಿ ಫೋಟೊ ತೆಗೆದು ಮಾರುವುದು. ಜೊತೆಗೆ ಊಟಕ್ಕೆ ಎರಡೇ ಪಂಕ್ತಿ, ನಿಗದಿ ಮಾಡಿದ ಹೊತ್ತು, ದಿನಾ ಅದೇ ಮೇಜು, ಅದೇ ಮುಖಗಳು, ಅದೇ ವೇಟರ್. ಇಷ್ಟು ಬಿಗಿಯಾಗಿದ್ದಾಗ ಬಟ್ಟೆಯ ನಿಯಮ ನಡೆಸುವುದು ಸುಲಭ. ಬೇರೆಯವರ ಜೊತೆ ವಾರವಿಡೀ ಕೂರಬೇಕಾದಾಗ ಯಾರೂ ಹೇಗೆಂದರೆ ಹಾಗೆ ಬರುವುದಿಲ್ಲ, ಅಲ್ವಾ?

ಆ ಬಿಗಿ ಸಡಿಲವಾದದ್ದು 2000ರಲ್ಲಿ. ಆ ವರ್ಷ ಏಷ್ಯಾದ ಸ್ಟಾರ್ ಕ್ರೂಸಸ್ ಕಂಪನಿ ನಾರ್ವೇಜಿಯನ್ ಅನ್ನು ಕೊಂಡುಕೊಂಡಿತು. ಅದೇ ವರ್ಷ ‘ಫ್ರೀಸ್ಟೈಲ್’ ಅನ್ನುವ ಪದ್ಧತಿ ಬಂತು. ಬೇಕಾದ ಹೊತ್ತಿಗೆ, ಬೇಕಾದ ರೆಸ್ಟೋರೆಂಟಿನಲ್ಲಿ, ಬೇಕಾದವರ ಜೊತೆ ಊಟ ಮಾಡಿ, ಕೋಟಿನ ಕಡ್ಡಾಯವಿಲ್ಲ ಅಂತ. ಜನರಿಗೆ ಇದು ಹಿಡಿಸಿತು, ಉಳಿದ ಕಂಪನಿಗಳೂ ಊಟದ ಹೊತ್ತನ್ನು ಸಡಿಲಿಸಿದವು. ಅಷ್ಟು ಹೊತ್ತಿಗೆ ಅಮೆರಿಕದ ಆಫೀಸುಗಳಲ್ಲೂ ಸೂಟು ಕಡಿಮೆಯಾಗಿತ್ತು. ಎಷ್ಟೋ ಗಂಡಸರ ಬೀರುವಿನಲ್ಲಿ ಸೂಟೇ ಇರಲಿಲ್ಲ. 2008ರಿಂದ ಅಲ್ಲಿನ ದೊಡ್ಡ ವಿಮಾನ ಕಂಪನಿಗಳು ಮೊದಲನೇ ಸೂಟ್‌ಕೇಸಿಗೂ ದುಡ್ಡು ಕೇಳತೊಡಗಿದವು. ಎರಡು ರಾತ್ರಿಗಾಗಿ ಕೋಟು, ಬೂಟು ಹೊತ್ತು ತರಬೇಕಾ ಅನ್ನುವ ಲೆಕ್ಕ ಅಲ್ಲಿ ಶುರುವಾಯಿತು. 2015ರಲ್ಲಿ ‘ಸೆಲೆಬ್ರಿಟಿ’ ಅನ್ನುವ ಕ್ರೂಸ್ ಕಂಪನಿ ಫಾರ್ಮಲ್ ನೈಟ್ ಅನ್ನೇ ತೆಗೆದು ‘ಈವ್ನಿಂಗ್ ಶಿಕ್’ (ಸೊಗಸಾದ ಸಂಜೆ ಉಡುಗೆ) ಅಂತ ಹೆಸರಿಟ್ಟಿತು. ಅದೇ ವರ್ಷ ಸಮುದ್ರಕ್ಕಿಳಿದ ವೈಕಿಂಗ್ ಕಂಪನಿಯ ಹಡಗುಗಳಲ್ಲಿ ಮೊದಲಿಂದಲೂ ಫಾರ್ಮಲ್ ನೈಟ್ ಇಲ್ಲ. 2021ರಲ್ಲಿ ಶುರುವಾದ ವರ್ಜಿನ್ ವಾಯೇಜಸ್‌ನಲ್ಲಿ ದೊಡ್ಡ ಮುಖ್ಯ ಡೈನಿಂಗ್ ಹಾಲೇ ಇಲ್ಲ. ಕುನಾರ್ಡ್ ಹಳೆ ರೂಢಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಿದೆ. 2004ರಲ್ಲಿ ಹೊರಟ ‘ಕ್ವೀನ್ ಮೇರಿ 2’ರಲ್ಲಿ ಇವತ್ತಿಗೂ ಗಾಲಾ ರಾತ್ರಿಗಳಿವೆ (ಅವರ ಫಾರ್ಮಲ್ ನೈಟ್‌ಗೆ ಅದೇ ಹೆಸರು), ಯಾವ ಕ್ಯಾಬಿನ್ ತೆಗೆದುಕೊಂಡಿರಿ ಅನ್ನುವುದರ ಮೇಲೆ ಯಾವ ಹಾಲ್‌ನಲ್ಲಿ ಊಟ ಅನ್ನುವುದೂ ನಿಂತಿದೆ.

ಬಟ್ಟೆಯ ನಿಯಮವನ್ನು ಎಷ್ಟು ಬಿಗಿಯಾಗಿ ನಡೆಸಬೇಕು ಅನ್ನುವ ಈಗಿನ ಜಗಳ ಇರುವುದು ಈ ಎರಡು ತುದಿಗಳ ನಡುವೆ. ನಿಯಮ ಬರೆದಿರುತ್ತಾರೆ, ಆದರೆ ಎಷ್ಟೋ ಸಲ ಬಾಗಿಲಲ್ಲಿ ತಡೆಯುವುದಿಲ್ಲ. ತಡೆದರೆ ದುಡ್ಡು ಕೊಟ್ಟು ಬಂದ ಪ್ರಯಾಣಿಕ ಸಿಟ್ಟಾಗುತ್ತಾನೆ, ಕಂಪನಿಗೆ ಕಡಿಮೆ ಅಂಕ ಕೊಡುತ್ತಾನೆ. ತಡೆಯದಿದ್ದರೆ, ನಿಯಮ ನಂಬಿ ಚೆನ್ನಾಗಿ ಉಟ್ಟು ಬಂದವರಿಗೆ ಬೇಸರ. ಪಕ್ಕದ ಮೇಜಿನಲ್ಲಿ ಕ್ಯಾಪು, ಬರ್ಮುಡಾ ಕಂಡರೆ ಅವರ ಸಂಭ್ರಮ ಅರ್ಧಕ್ಕೆ ಇಳಿಯುತ್ತದೆ. ನನಗೆ ಇವರ ಬೇಸರ ನ್ಯಾಯ ಅನಿಸುತ್ತದೆ. ಟಿಕೆಟ್ ಕೊಳ್ಳುವ ಮುಂಚೆ ಸ್ಪಷ್ಟವಾಗಿ ಹೇಳಿದ ನಿಯಮವನ್ನು ಎಲ್ಲರಿಗೂ ಒಂದೇ ರೀತಿ ನಡೆಸಬೇಕು, ಇಲ್ಲ ತೆಗೆದುಹಾಕಬೇಕು. ಕೋಟು ಬೇಡ ಅನ್ನುವವರಿಗೆ ಬಫೆ ಇದ್ದೇ ಇದೆ, ಅಲ್ಲಿ ಯಾರೂ ಕೇಳುವುದಿಲ್ಲ. ಆದರೆ ಒದ್ದೆ ಈಜುಡುಗೆ, ಬರಿಗಾಲು, ತೋಳಿಲ್ಲದ ಬನಿಯನ್ ಡೈನಿಂಗ್ ಹಾಲ್‌ಗೆ ಬೇಡ ಅನ್ನುವುದು ಬೇರೆ ಮಾತು. ಬಟ್ಟೆ ಹೊದಿಸಿದ ಕುರ್ಚಿ, ಆಮೇಲೆ ಅದರಲ್ಲಿ ಕೂರುವವರು, ಶುಚಿ ಎಲ್ಲವೂ ಆ ಮಾತಿನಲ್ಲಿದೆ. ಈ ನಿಯಮ ಬಹುತೇಕ ಎಲ್ಲ ಹಡಗಿನಲ್ಲೂ ಉಳಿದಿದೆ, ಉಳಿಯಲಿ.

ನನ್ನನ್ನು ಹೆಚ್ಚು ಕಾಡುವುದು ಚಡ್ಡಿಯ ಪ್ರಶ್ನೆಯಲ್ಲ, ಪಂಚೆಯ ಪ್ರಶ್ನೆ. ‘ಚೆನ್ನಾಗಿ ಉಡುವುದು’ ಅಂದರೆ ಯಾರ ಬಟ್ಟೆ? 2014ರಲ್ಲಿ ಚೆನ್ನೈನ ಕ್ರಿಕೆಟ್ ಕ್ಲಬ್ಬೊಂದು ಪಂಚೆ ಉಟ್ಟ ಹೈಕೋರ್ಟ್ ನ್ಯಾಯಾಧೀಶರನ್ನೇ ಒಳಗೆ ಬಿಡಲಿಲ್ಲ. ತಮಿಳುನಾಡು ಸರ್ಕಾರ ಅದೇ ವರ್ಷ ಅಂಥ ತಡೆಯ ವಿರುದ್ಧ ಕಾನೂನು ತಂದಿತು. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ತಡೆದರು. ಮಗನ ಜೊತೆ ಸಿನಿಮಾ ನೋಡಲು ಬಂದವರು ಅವರು. ವಿಷಯ ವಿಧಾನಸಭೆಗೂ ಹೋಯಿತು. ನಮ್ಮ ನೆಲದಲ್ಲೇ ಹೀಗಾದರೆ ದೂರದ ಹಡಗಿಗೆ ಪಂಚೆ ಉಟ್ಟುಕೊಂಡು ಹೋಗಲು ಅಪ್ಪಂದಿರು ಹೆದರುವುದರಲ್ಲಿ ಆಶ್ಚರ್ಯವಿಲ್ಲ.

ನಿಜ ಹೇಳಬೇಕೆಂದರೆ ಹಡಗು ಈ ವಿಷಯದಲ್ಲಿ ನಮ್ಮ ಕ್ಲಬ್ಬುಗಳಿಗಿಂತ ಮುಂದಿದೆ. ತುಂಬ ಕಟ್ಟುನಿಟ್ಟಿನ ಕುನಾರ್ಡ್ ಕೂಡ ಗಾಲಾ ರಾತ್ರಿಗೆ ಅವರವರ ನಾಡಿನ ಔಪಚಾರಿಕ ಉಡುಪನ್ನು ಒಪ್ಪುತ್ತದೆ. ಸ್ಕಾಟ್ಲೆಂಡಿನ ಗಂಡಸರು ತಮ್ಮ ನಾಡಿನ ಲಂಗದಂಥ ಉಡುಗೆ ಕಿಲ್ಟ್ ಹಾಕಿ ಬರುತ್ತಾರೆ. ರೇಷ್ಮೆ ಸೀರೆ ಉಟ್ಟ ಹೆಂಗಸರನ್ನು ಯಾರೂ ಪ್ರಶ್ನಿಸುವುದಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಇರುವ ಜಿಲ್ಲೆಯವರು ಇದನ್ನು ಹೆಮ್ಮೆಯಿಂದಲೇ ಉಡಬೇಕು. ಗಂಡಸರಿಗೆ ಬಂದ್‌ಗಲಾ (ಮುಚ್ಚಿದ ಕೊರಳಿನ) ಕೋಟು ಧಾರಾಳವಾಗಿ ನಡೆಯುತ್ತದೆ. ಜರಿ ಅಂಚಿನ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಶಲ್ಯ ಇದ್ದರೆ ಅದೂ ಮದುವೆಗೆ ಉಡುವ ಬಟ್ಟೆಯೇ ತಾನೇ. ಲುಂಗಿ ಬೇರೆ, ಅದು ಕ್ಯಾಬಿನ್ನಿಗೆ.

2021ರಿಂದ ಮುಂಬೈಯಲ್ಲಿ ಕಾರ್ಡೇಲಿಯಾ ಕಂಪನಿಯ ‘ಎಂಪ್ರೆಸ್’ ಹಡಗಿದೆ. ಚೆನ್ನೈನಿಂದಲೂ ಅದು ಹೊರಟದ್ದಿದೆ. 1990ರಲ್ಲಿ ಕಟ್ಟಿದ, ಮುಂಚೆ ರಾಯಲ್ ಕೆರಿಬಿಯನ್‌ನಲ್ಲಿದ್ದ ಹಡಗು ಅದು. ಈಗ ಹತ್ತುವವರು ಹೆಚ್ಚಾಗಿ ನಮ್ಮವರೇ, ಜೈನರ ಊಟವೂ ಸಿಗುತ್ತದೆ. ಇಂಥ ಕಡೆ ಉಡುಗೆಯ ರೂಢಿಯನ್ನು ರೂಪಿಸುವವರು ನಾವೇ.

ಹೊರಡುವವರಿಗೆ ಕೆಲಸಕ್ಕೆ ಬರುವ ಒಂದೆರಡು ವಿಷಯ. ಬೆಂಕಿಯ ಭಯಕ್ಕೆ ಕ್ಯಾಬಿನ್ನಿಗೆ ಇಸ್ತ್ರಿಪೆಟ್ಟಿಗೆ ತರುವಂತಿಲ್ಲ, ತಂದರೆ ತೆಗೆದಿಟ್ಟುಕೊಳ್ಳುತ್ತಾರೆ. ಹಾಗಾಗಿ ಸೀರೆ, ಪಂಚೆಗೆ ಮನೆಯಲ್ಲೇ ಇಸ್ತ್ರಿ ಮಾಡಿಸಿ ಮಡಚಿಟ್ಟುಕೊಳ್ಳಿ. ಊಟದ ಹಾಲ್‌ನಲ್ಲಿ ಎ.ಸಿ. ಚಳಿ ಇರುತ್ತದೆ, ಶಾಲು ಬೇಕು. ಹಡಗು ಅಲುಗುವಾಗ ಮೆಟ್ಟಿಲಲ್ಲಿ ಪಂಚೆ ಕಾಲಿಗೆ ಸಿಕ್ಕಬಹುದು, ಅಂಟಿಕೊಳ್ಳುವ ವೆಲ್ಕ್ರೊ ಪಟ್ಟಿ ಇರುವ ಪಂಚೆ ವಾಸಿ. ಪಂಚೆ ಫಾರ್ಮಲ್ ನೈಟ್‌ಗೆ ನಡೆಯುತ್ತದಾ ಅಂತ ಬುಕ್ ಮಾಡುವಾಗಲೇ ಕಂಪನಿಗೆ ಇಮೇಲ್ ಬರೆದು ಕೇಳಿ, ಉಟ್ಟಿರುವ ಒಂದು ಫೋಟೊವನ್ನೂ ಜೊತೆಗೆ ಕಳಿಸಿ. ಅವರ ಉತ್ತರದ ಪ್ರಿಂಟ್ ತೆಗೆದು ಪಾಸ್‌ಪೋರ್ಟ್ ಜೊತೆ ಇಟ್ಟುಕೊಂಡರೆ ಬಾಗಿಲಲ್ಲಿ ಯಾರಾದರೂ ಕೇಳಿದಾಗ ವಾದ ಮಾಡಬೇಕಾಗಿಲ್ಲ.