ಸಿಸ್ಟರ್‌ಗಳ ಸಹನೆಗೂ ಸಂಖ್ಯೆಗೂ ಇರುವ ನಂಟು

ಆಸ್ಪತ್ರೆಯ ದಾದಿಯರ ವೃತ್ತಿ ತೃಪ್ತಿಯ ಚರ್ಚೆಯಲ್ಲಿ ಈಗ ‘ಭಾವನಾತ್ಮಕ ಸಾಮರ್ಥ್ಯ’ ಎಂಬ ಮಾತು ತಪ್ಪದೆ ಬರುತ್ತದೆ. ತನ್ನ ಹಾಗೂ ರೋಗಿಯ ಮನಸ್ಸನ್ನು ಅರಿತು ನಡೆದುಕೊಳ್ಳುವ ಶಕ್ತಿ ಎಂಬುದು ಅದರ ಅರ್ಥ. ಆದರೆ ಈ ಒಂದು ಮಾತಿನಲ್ಲಿ ಎರಡು ಬೇರೆ ವಿಚಾರಗಳು ಸೇರಿಕೊಂಡಿವೆ.

1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಶಿಕ್ಷಣಕ್ಕೆ ಒಂದು ಮಟ್ಟ ಕಟ್ಟಿಕೊಟ್ಟಿತು. ಮನಸ್ಸಿನ ದುಡಿಮೆಯ ಪ್ರಶ್ನೆ ಎದ್ದದ್ದು ಬಹಳ ತಡವಾಗಿ. 1983ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್, ಸಂಬಳಕ್ಕಾಗಿ ಭಾವನೆಯನ್ನು ಹದ್ದುಬಸ್ತಿನಲ್ಲಿಟ್ಟುಕೊಳ್ಳುವುದೂ ಶ್ರಮವೇ, ಅದು ದಣಿಸುತ್ತದೆ ಎಂದರು. 1990ರಲ್ಲಿ ಪೀಟರ್ ಸಲೋವೆ, ಜಾನ್ ಮೇಯರ್ ಎಂಬ ಮನೋವಿಜ್ಞಾನಿಗಳು ಭಾವನೆಯನ್ನು ನಿಭಾಯಿಸುವುದನ್ನು ಒಂದು ಸಾಮರ್ಥ್ಯವೆಂದು ವಿವರಿಸಿದರು. ಎರಡನೆಯ ವಿಚಾರ ತರಬೇತಿಯ ಕೋಣೆಗಳಿಗೆ ಬೇಗ ತಲುಪಿತು; ಮೊದಲನೆಯದು ಹಿಂದೆ ಉಳಿಯಿತು.

ಮುಂಬೈಯ ಪರೇಲಿನಲ್ಲಿ ಈ ಎರಡೂ ಮುಖಗಳು ಅದಕ್ಕೂ ಮೊದಲೇ ಕಂಡಿದ್ದವು. ಉತ್ತರ ಕನ್ನಡದ ಹಳದೀಪುರದಿಂದ ಬಂದು ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನ್‌ಭಾಗ್ ಅವರ ಮೇಲೆ 1973ರ ನವೆಂಬರ್ 27ರಂದು ಆಸ್ಪತ್ರೆಯೊಳಗೇ ಭೀಕರ ಹಲ್ಲೆ ನಡೆಯಿತು; ಮೆದುಳಿಗೆ ಪೆಟ್ಟಾಗಿ ಅವರು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. 2015ರ ಮೇ 18ರಂದು ಅವರು ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಅವರನ್ನು ಆರೋಗ್ಯವಾಗಿದ್ದಾಗ ಎಂದೂ ಕಂಡಿರದ ಹೊಸ ದಾದಿಯರೂ ಸರದಿಯಲ್ಲಿ ಉಣಿಸಿ, ಮೀಯಿಸಿ, ಮಗ್ಗುಲು ಬದಲಿಸಿ ನೋಡಿಕೊಂಡರು. ದಯಾಮರಣದ ಅರ್ಜಿಯನ್ನು 2011ರ ಮಾರ್ಚ್ 7ರಂದು ತಳ್ಳಿಹಾಕುವಾಗ ಸುಪ್ರೀಂ ಕೋರ್ಟ್ ಈ ಆರೈಕೆಯನ್ನು ಮನಸಾರೆ ಮೆಚ್ಚಿಕೊಂಡಿತು. ನಾವು ನೆನೆಯುವುದೂ ಆ ಸೇವೆಯನ್ನೇ. ಹಲ್ಲೆಯ ನಂತರ ಅದೇ ದಾದಿಯರು ಸುರಕ್ಷತೆಗಾಗಿ, ಒಳ್ಳೆಯ ಕೆಲಸದ ಸ್ಥಿತಿಗಾಗಿ ಮುಷ್ಕರ ಹೂಡಿದ್ದನ್ನು ಅಷ್ಟಾಗಿ ನೆನೆಯುವುದಿಲ್ಲ. ಅವರ ಅಂತಃಕರಣ ಎಷ್ಟು ನಿಜವೋ ಆ ಬೇಡಿಕೆಯೂ ಅಷ್ಟೇ ನಿಜವಾಗಿತ್ತು, ಮತ್ತು ಅಷ್ಟು ದೀರ್ಘಕಾಲ ಆ ಆರೈಕೆ ನಿಂತದ್ದು ಒಬ್ಬರ ಸಹನೆಯ ಮೇಲಲ್ಲ, ಹಂಚಿಕೊಳ್ಳಲು ಹತ್ತಾರು ಕೈಗಳಿದ್ದುದರಿಂದ.

ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ರೋಗಿಗಳಿಗೆ ಒಬ್ಬ ದಾದಿ, ಇತರ ಆಸ್ಪತ್ರೆಗಳಲ್ಲಿ ಐದಕ್ಕೆ ಒಬ್ಬರು ಎಂಬುದು ಕೌನ್ಸಿಲಿನ ಮಾನದಂಡ. ನೈಟ್ ಡ್ಯೂಟಿಯಲ್ಲಿ ವಾರ್ಡಿಗೇ ಒಬ್ಬರೋ ಇಬ್ಬರೋ ಇರುವ ಕಡೆ, ಸಿಡುಕಿದ ಸಿಸ್ಟರಿಗೆ ಮೊದಲು ಬೇಕಾದದ್ದು ತರಬೇತಿಯೇ ಎಂದು ಒಪ್ಪುವುದು ಕಷ್ಟ. 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ರಚನೆಯಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ದಾದಿಯರ ತಿಂಗಳ ಸಂಬಳ 20,000 ರೂಪಾಯಿಗೆ ಕಡಿಮೆಯಿರಬಾರದು ಎಂದಿತು. ಜಾರಿಯ ಹೊಣೆ ರಾಜ್ಯಗಳಿಗೆ ಹೋಯಿತು.

ಲೆಕ್ಕಕ್ಕೆ ಸಿಗದ ಕೆಲಸವೂ ಒಂದಿದೆ. ಕಲಬುರಗಿ, ಬೀದರ್ ಕಡೆಯಿಂದ ಚಿಕಿತ್ಸೆಗೆಂದು ಪರೇಲಿಗೆ ಬಂದ ರೋಗಿಗೆ ವೈದ್ಯರು ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಿದ ಕೆಟ್ಟ ಸುದ್ದಿಯನ್ನು, ಅವರು ಹೋದ ಮೇಲೆ, ಕರಾವಳಿಯ ಸಿಸ್ಟರ್ ಒಬ್ಬರು ಹಾಸಿಗೆಯ ಪಕ್ಕ ನಿಂತು ಕನ್ನಡದಲ್ಲಿ ಮತ್ತೊಮ್ಮೆ ಹೇಳಬೇಕಾಗುತ್ತದೆ. ಡ್ಯೂಟಿ ಪಟ್ಟಿಯಲ್ಲಿ ಅದಕ್ಕೆ ಸಮಯವಿಲ್ಲ.