ಎಣಿಕೆ ಮೇಜಿನ ಮೇಲೇ ಮುಗಿಯುವ ಕೇಸು

1989ರ ನವೆಂಬರ್‌ನಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಮತದಾನ ನಡೆಯಿತು. ರಾಜ್ಯದಲ್ಲಿ ವೀರೇಂದ್ರ ಪಾಟೀಲರ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಬಾಚಿಕೊಂಡಿತು. ಬಿಜೆಪಿಗೆ ಸಿಕ್ಕಿದ್ದು ಬರೀ 4. ಆ ನಾಲ್ಕರಲ್ಲೊಂದು ನಮ್ಮ ಶಿವಮೊಗ್ಗ. ಕೆ.ಎಸ್. ಈಶ್ವರಪ್ಪ ಅವರು ಕೆ.ಎಚ್. ಶ್ರೀನಿವಾಸ್ ಅವರನ್ನು ಸುಮಾರು 1,300 ಮತಗಳಿಂದ ಸೋಲಿಸಿದರು. ಆ ಗೆಲುವು ಹೇಗಾಯಿತು ಎಂದು ಕೇಳಿದರೆ ಊರಿನ ಹಳಬರು ಇವತ್ತಿಗೂ ಜಾತಿ ಲೆಕ್ಕ, ಕೇರಿ ಲೆಕ್ಕ ಬಿಡಿಸಿಡುತ್ತಾರೆ. ಚುನಾವಣಾ ತಕರಾರುಗಳನ್ನು ನೋಡುವ ವಕೀಲನಾದ ನನ್ನ ಕಣ್ಣು ಹೋಗುವುದು ಬೇರೆ ಕಡೆಗೆ. ಅದು ಮತಪತ್ರದ ಕಾಲ. ಅಷ್ಟು ಹತ್ತಿರದ ಎಣಿಕೆಯಲ್ಲಿ ಸೋಲು ಗೆಲುವಿನ ಅರ್ಧ ವ್ಯಾಜ್ಯ ಮೇಜಿನ ಮೇಲೇ ತೀರಿಹೋಗುತ್ತಿತ್ತು.

ಅದಕ್ಕೂ ಹಿಂದಿನ ಪದ್ಧತಿ ಇನ್ನೂ ಸರಳ. 1952ರಲ್ಲಿ ಮತಪತ್ರದ ಮೇಲೆ ಹೆಸರೂ ಇರಲಿಲ್ಲ, ಒತ್ತಲು ಮುದ್ರೆಯೂ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಗೆ ಅಂಟಿಸಿದ ಚಿಹ್ನೆ. ಗೇಣಿದಾರರ ಕಾಗೋಡು ಸತ್ಯಾಗ್ರಹದ ಬಿಸಿ ಆರುವ ಮೊದಲೇ ಬಂದ ಆ ಚುನಾವಣೆಯಲ್ಲಿ ಸಾಗರ-ಹೊಸನಗರದ ಗೇಣಿದಾರ ಮಾಡಬೇಕಿದ್ದುದು ಇಷ್ಟೆ: ಪರದೆಯ ಹಿಂದೆ ಹೋಗಿ ಚೀಟಿಯನ್ನು ಕಾಂಗ್ರೆಸ್ಸಿನ ಜೋಡೆತ್ತಿನ ಪೆಟ್ಟಿಗೆಗೋ ಸಮಾಜವಾದಿಗಳ ಆಲದಮರದ ಪೆಟ್ಟಿಗೆಗೋ ಹಾಕುವುದು. ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಗೆದ್ದದ್ದು ಹಾಗೆ. ಗುರುತು ಎಲ್ಲಿ ಬಿತ್ತು ಎಂಬ ಜಗಳಕ್ಕೆ ಅಲ್ಲಿ ಜಾಗವೇ ಇಲ್ಲ. ಅದು ಶುರುವಾದದ್ದು ಒಂದೇ ಹಾಳೆಯಲ್ಲಿ ಎಲ್ಲರ ಹೆಸರು ಅಚ್ಚು ಹಾಕಿ ಮುದ್ರೆ ಒತ್ತಿಸತೊಡಗಿದ ಮೇಲೆ, ಅಂದರೆ ಹೆಚ್ಚುಕಡಿಮೆ 1962ರ ಚುನಾವಣೆಯಿಂದ.

1961ರ ಚುನಾವಣಾ ನಿಯಮಗಳಲ್ಲಿ 56ನೆಯದು ತಿರಸ್ಕೃತ ಮತಗಳದ್ದು. ಇಬ್ಬರಿಗೆ ಮುದ್ರೆ ಒತ್ತಿದ್ದರೆ ಹೋಯಿತು. ಯಾರಿಗೂ ಒತ್ತದಿದ್ದರೂ ಹೋಯಿತು. ಮತಗಟ್ಟೆಯಲ್ಲಿ ಕೊಟ್ಟ ಮುದ್ರೆ ಬಿಟ್ಟು ಪೆನ್ನಿನಲ್ಲಿ ಗೀಚಿದರೆ, ಹೆಬ್ಬೆಟ್ಟು ಒತ್ತಿದರೆ ಅದೂ ಅಸಿಂಧು. ಮತದಾರ ಯಾರೆಂದು ಗುರುತು ಹಿಡಿಯುವಂಥ ಬರಹವೋ ಚಿಹ್ನೆಯೋ ಇದ್ದರೂ ಅಷ್ಟೆ. ಆದರೆ ಅದೇ ನಿಯಮದಲ್ಲಿ ಮತ ಉಳಿಸುವ ಮಾತೂ ಇದೆ, ಎಣಿಕೆ ಮೇಜಿನ ಬಳಿ ಅಭ್ಯರ್ಥಿಯ ಪರವಾಗಿ ಕೂರುವ ಏಜೆಂಟರು ಓದದೆ ಬಿಡುವುದು ಆ ಭಾಗವನ್ನೇ. ಮುದ್ರೆ ಮಸುಕಾಗಿದೆ, ಒಬ್ಬರ ಎದುರೇ ಎರಡು ಸಲ ಬಿದ್ದಿದೆ ಎಂಬ ಕಾರಣಕ್ಕೆ ಮತ ತಳ್ಳುವಂತಿಲ್ಲ. ಯಾರಿಗೆ ಹಾಕಿದ್ದು ಎಂಬುದು ಸ್ಪಷ್ಟವಿದ್ದರೆ ಸಾಕು. ಹಿಂಬದಿಯಲ್ಲಿ ಮತಗಟ್ಟೆ ಅಧಿಕಾರಿಯ ಸಹಿ ಇಲ್ಲದಿದ್ದರೂ, ಅದು ಅವರದೇ ತಪ್ಪೆಂದು ಚುನಾವಣಾಧಿಕಾರಿಗೆ ಮನವರಿಕೆಯಾದರೆ ಮತ ಉಳಿಯುತ್ತದೆ.

ಮಲೆನಾಡಿನ ಮಟ್ಟಿಗೆ ಒಂದು ಉದಾಹರಣೆ ಕೊಡುತ್ತೇನೆ. ನವೆಂಬರ್ ಎಂದರೆ ಅಡಿಕೆ ಕೊಯ್ಲಿನ ಕಾಲ. ಹಗಲೂ ರಾತ್ರಿ ಸುಲಿದ ಕೈಗಳಲ್ಲಿ ಚೊಗರಿನ ಕಲೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಅಂಥ ಕೈಯಲ್ಲಿ ಮಡಿಸಿದ ಮತಪತ್ರದ ಅಂಚಿಗೆ ಕಂದು ಬಣ್ಣದ ಬೆರಳಚ್ಚು ಮೂಡಿದರೆ ಅದು ‘ಗುರುತು’ ಆಗುತ್ತದೆಯೇ? ಆಗುವುದಿಲ್ಲ. ಯಾರ ಮತವೆಂದು ಪತ್ತೆ ಮಾಡಲು ಹಾಕಿದ ಗುರುತು ಬೇರೆ, ಕೆಲಸ ಮಾಡುವವರ ಕೈಕೊಳೆ ಬೇರೆ. ಎದುರಾಳಿ ಏಜೆಂಟ್ ಆಕ್ಷೇಪ ಎತ್ತುತ್ತಾನೆ, ಎತ್ತಲಿ. ನಮ್ಮವನಿಗೆ ಉತ್ತರ ಗೊತ್ತಿರಬೇಕು. ಇನ್ನೊಂದು, ಮಡಿಕೆಯ ತಂಟೆ. ಮುದ್ರೆಯ ಶಾಯಿ ಒಣಗುವ ಮುಂಚೆ ಹಾಳೆ ಮಡಿಸಿದರೆ ಎದುರು ಭಾಗದಲ್ಲಿ ಇನ್ನೊಬ್ಬರ ಹೆಸರಿನ ಮೇಲೆ ನೆರಳಚ್ಚು ಬೀಳುತ್ತದೆ. ಎರಡು ಮತ ಎಂದು ಅವಸರದಲ್ಲಿ ಪಕ್ಕಕ್ಕೆ ಎಸೆಯುವುದು ಇಂಥವನ್ನೇ. ಹಾಳೆಯನ್ನು ಅದೇ ಮಡಿಕೆಗೆ ಮಡಿಸಿ ನೋಡಿ ಎಂದು ಕೇಳಬೇಕು. ಎರಡು ಗುರುತು ಒಂದರ ಮೇಲೊಂದು ಕೂತರೆ ಒಂದು ಅಸಲು, ಇನ್ನೊಂದು ಅದರ ನೆರಳು, ಮತ ಸಿಂಧು. ಏಜೆಂಟನಿಗೆ ನೋಡುವ ಹಕ್ಕಿದೆ, ಮುಟ್ಟುವ ಹಕ್ಕಿಲ್ಲ. ಕೈ ಚಾಚಿದರೆ ಪೊಲೀಸರು ಹೊರಗೆ ಕಳಿಸುತ್ತಾರೆ.

ಕಟ್ಟು ಕಟ್ಟುವಾಗಿನ ತಪ್ಪು ಇನ್ನೂ ದುಬಾರಿ. ನಮ್ಮ ಒಂದು ಮತಪತ್ರ ಎದುರಾಳಿಯ ಕಟ್ಟಿಗೆ ಸೇರಿತೆಂದರೆ ಅಂತರದಲ್ಲಿ ಎರಡರ ವ್ಯತ್ಯಾಸ: ನಮಗೆ ಒಂದು ಕಡಿಮೆ, ಅವರಿಗೆ ಒಂದು ಜಾಸ್ತಿ.

ಮತಯಂತ್ರ ಬಂದ ಮೇಲೆ ಈ ಜಗಳ ಬಹುಪಾಲು ಹೋಯಿತು, ಅಂತರ ಮಾತ್ರ ಹಿಗ್ಗಲಿಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಒಂದು ಮತ. 2013ರಲ್ಲಿ ನಮ್ಮ ಶಿವಮೊಗ್ಗದಲ್ಲೇ ಕಾಂಗ್ರೆಸ್ಸಿನ ಕೆ.ಬಿ. ಪ್ರಸನ್ನಕುಮಾರ್ ಕೆಜೆಪಿಯ (ಕರ್ನಾಟಕ ಜನತಾ ಪಕ್ಷ) ಎಸ್. ರುದ್ರೇಗೌಡರ ವಿರುದ್ಧ ಗೆದ್ದದ್ದು 278 ಮತಗಳಿಂದ. ಇಂಥ ಕಡೆ ಈಗ ಕಣ್ಣಿಡಬೇಕಾದದ್ದು ಅಂಚೆ ಮತಗಳ ಮೇಲೆ. ಕಾಗದ ಉಳಿದಿರುವುದು ಅಲ್ಲಿ, ಸಹಿ ಇಲ್ಲ, ಲಕೋಟೆ ಸರಿಯಿಲ್ಲ ಎಂಬ ಹಳೇ ಜಗಳ ಉಳಿದಿರುವುದೂ ಅಲ್ಲೇ.

ಮರು ಎಣಿಕೆಗೆ ಬರೋಣ. ಒಟ್ಟು ಮತಗಳನ್ನು ಘೋಷಿಸಿದ ಮೇಲೆ, ಅಂತಿಮ ಫಲಿತಾಂಶದ ಹಾಳೆಯಾದ ನಮೂನೆ 20ಕ್ಕೆ ಚುನಾವಣಾಧಿಕಾರಿ ಸಹಿ ಹಾಕುವ ಮೊದಲು, ಸಣ್ಣದೊಂದು ಬಿಡುವು ಇರುತ್ತದೆ. ನಿಯಮ 63ರ ಪ್ರಕಾರ ಅರ್ಜಿ ಕೊಡಬೇಕಾದದ್ದು ಆಗಲೇ, ಅದೂ ಲಿಖಿತವಾಗಿ, ಕಾರಣ ಸಮೇತ. ಸಹಿ ಬಿದ್ದ ಮೇಲೆ ಕೊಟ್ಟ ಅರ್ಜಿಗೆ ಬೆಲೆಯಿಲ್ಲ. ಗೆದ್ದವರ ಕಡೆ ಹೊರಗೆ ಪಟಾಕಿ ಹೊಡೆಯುತ್ತಿರುತ್ತಾರೆ, ಸೋತವರ ಏಜೆಂಟರು ಯಾರಿಗೋ ಫೋನು ಮಾಡುತ್ತಾ ನಿಂತಿರುತ್ತಾರೆ, ಬಿಡುವು ಕಳೆದುಹೋಗುತ್ತದೆ. ಅದಕ್ಕೇ ನಮ್ಮ ಏಜೆಂಟರಿಗೆ ಅರ್ಜಿಯ ಕರಡನ್ನು ಮೊದಲೇ ಬರೆದು ಜೇಬಿನಲ್ಲಿಟ್ಟು ಕಳಿಸುತ್ತೇನೆ. ಯಾವ ಸುತ್ತು, ಯಾವ ಮೇಜು, ಎಷ್ಟು ಮತ ಎಂಬುದಷ್ಟೇ ಖಾಲಿ.

ಆಮೇಲಿನ ದಾರಿ ಹೈಕೋರ್ಟು. ಗೆದ್ದವರ ಹೆಸರು ಘೋಷಣೆಯಾದ 45 ದಿನದೊಳಗೆ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಅಂತರ ಸಣ್ಣದು, ಆದ್ದರಿಂದ ಪುನಃ ಎಣಿಸಿ ಎಂದರೆ ನ್ಯಾಯಾಲಯ ಒಪ್ಪುವುದಿಲ್ಲ. ಸಿಕ್ಕಿದರೆ ಸಿಗಲಿ ಎಂದು ಹಳ್ಳಕ್ಕೆ ಮೀನು ಹಿಡಿಯುವ ಕೂಣಿ ಇಟ್ಟಂತೆ ಪೆಟ್ಟಿಗೆ ತೆರೆಸಲು ಬರುವುದಿಲ್ಲ. ಮತದ ಗೋಪ್ಯತೆಗೆ ಅಷ್ಟು ಬೆಲೆಯಿದೆ. ನಿರ್ದಿಷ್ಟ ಸಂಗತಿ ಬೇಕು, ಪುರಾವೆ ಬೇಕು. ಹಾಗಾಗಿ ಕಡಿಮೆ ಅಂತರದಲ್ಲಿ ಸೋತವರು ಬಂದಾಗ ಕ್ಷೇತ್ರದ ಕಥೆ ಕೇಳುವ ಮೊದಲು ನಾನು ಕೇಳುವುದು ಎರಡು ಕಾಗದ: ಎಣಿಕೆ ಕೇಂದ್ರದಲ್ಲಿ ಕೊಟ್ಟ ಅರ್ಜಿಯ ಪ್ರತಿ, ಅದನ್ನು ತಿರಸ್ಕರಿಸಿ ಚುನಾವಣಾಧಿಕಾರಿ ಕಾರಣ ಬರೆದುಕೊಟ್ಟ ಆದೇಶದ ಪ್ರತಿ. ಬಾಯಲ್ಲಿ ಹೇಳಿದ್ದೆವು ಸಾರ್ ಎನ್ನುವವರೇ ಹೆಚ್ಚು.