ಡೆಲಾಡೆನಸ್: ಕಣಜವನ್ನು ಕೊಲ್ಲದ ಜಂತುಹುಳ

ಶಿರಸಿ, ಸಿದ್ದಾಪುರದ ಕಡೆ ‘ಜಂತುಹುಳ ಬಿಟ್ಟು ಕೀಟ ಹತೋಟಿ’ ಅಂದರೆ ನೆನಪಾಗುವುದು ಅಡಿಕೆ ತೋಟದ ಬೇರುಹುಳ. ಸ್ಟೈನರ್‌ನೆಮಾ ಅಥವಾ ಹೆಟೆರೊರಾಬ್ಡೈಟಿಸ್ ಜಂತುಗಳನ್ನು ನೀರಲ್ಲಿ ಕಲಸಿ ಮಣ್ಣಿಗೆ ಹೊಯ್ಯುತ್ತಾರೆ. ಅವು ಗೊಣ್ಣೆಹುಳದ ಮೈಯೊಳಗೆ ಹೊಕ್ಕು ಹೊಟ್ಟೆಯಲ್ಲಿಟ್ಟುಕೊಂಡ ಬ್ಯಾಕ್ಟೀರಿಯಾ ಬಿಡುತ್ತವೆ. ಕೆಲವೇ ದಿನಗಳಲ್ಲಿ ಹುಳ ಸಾಯುತ್ತದೆ. ಈ ಚಿತ್ರವನ್ನೇ ತಲೆಯಲ್ಲಿಟ್ಟುಕೊಂಡು, ಪೈನ್ ತೋಪಿನ ಕಣಜದ ಹತೋಟಿಗೆ ಬಳಸುವ ಡೆಲಾಡೆನಸ್ ಸಿರಿಸಿಡಿಕೋಲ ಎಂಬ ಜಂತುವಿನ ಬಗ್ಗೆ ಓದಲು ಕೂತರೆ ದಾರಿ ತಪ್ಪುತ್ತದೆ. ಇದರಲ್ಲಿ ಬ್ಯಾಕ್ಟೀರಿಯಾ ಇಲ್ಲ, ಕೀಟ ಸಾಯುವುದೂ ಇಲ್ಲ.

ಮೊದಲು ಶತ್ರು ಯಾರು ನೋಡಿ. ಸೈರೆಕ್ಸ್ ನಾಕ್ಟಿಲಿಯೋ, ಪೈನ್ ಮರ ಕೊರೆಯುವ ಕಣಜ. ತವರಾದ ಯುರೋಪಿನಲ್ಲಿ ಅದು ದೊಡ್ಡ ಪಿಡುಗಲ್ಲ. ನ್ಯೂಜಿಲೆಂಡಿಗೆ 1900ರ ಸುಮಾರಿಗೆ ಹೋಯಿತು, 1952ರಲ್ಲಿ ಟ್ಯಾಸ್ಮೇನಿಯಾದಲ್ಲಿ, 1988ರಲ್ಲಿ ಬ್ರೆಜಿಲ್‌ನಲ್ಲಿ, 1994ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಕಂಡಿತು. ಹೆಣ್ಣು ಕಣಜ ಮರಕ್ಕೆ ಮೂರು ವಸ್ತು ಸೇರಿಸುತ್ತದೆ: ಮೊಟ್ಟೆ, ವಿಷದ ಲೋಳೆ, ಅಮೈಲೋಸ್ಟೀರಿಯಂ ಶಿಲೀಂಧ್ರ. ಲೋಳೆ ಮರವನ್ನು ಸೊರಗಿಸುತ್ತದೆ, ಶಿಲೀಂಧ್ರ ಕಟ್ಟಿಗೆಯನ್ನು ಒಣಗಿಸುತ್ತದೆ, ಮರಿಹುಳಕ್ಕೆ ಊಟ ಸಿದ್ಧ. ಕಾರವಾರದ ಕಡಲಂಚಿನ ಗಾಳಿಮರದ ನೆಡುತೋಪು ಕಣ್ಣಮುಂದೆ ತಂದುಕೊಳ್ಳಿ: ಒಂದೇ ಜಾತಿ, ಒಂದೇ ವಯಸ್ಸು, ಒತ್ತೊತ್ತು. ಅಂಥದೇ ಪೈನ್ ತೋಪಿನಲ್ಲಿ ಸಕಾಲಕ್ಕೆ ಮರ ತೆಳುಗೊಳಿಸದಿದ್ದರೆ ಸೊರಗಿದ ಮರಗಳೇ ಕಣಜವನ್ನು ಕರೆಯುತ್ತವೆ. ಜಂತು ಬಿಡುವುದಕ್ಕಿಂತ ಮುಂಚಿನ ಮದ್ದು ಈ ತೆಳುಗೊಳಿಸುವಿಕೆಯೇ; ಪರೀಕ್ಷೆಯಲ್ಲಿ ಇದನ್ನು ಬಿಟ್ಟು ಬರೆದ ಯಾವ ಉತ್ತರವೂ ಅರ್ಧ.

ಒಂದೇ ಜಂತು, ಎರಡು ಬದುಕು

ಪರೀಕ್ಷೆಗೂ ಕೆಲಸಕ್ಕೂ ತಿರುಳು ಇಲ್ಲಿದೆ. ಈ ಜಂತು ಕಣಜವಿಲ್ಲದೆಯೂ ಬದುಕಬಲ್ಲದು. ಕಟ್ಟಿಗೆಯ ಸೂಕ್ಷ್ಮ ಕೊಳವೆಗಳಲ್ಲಿ ಆ ಶಿಲೀಂಧ್ರವನ್ನೇ ತಿಂದು, ಮೊಟ್ಟೆಯಿಟ್ಟು, ತಲೆಮಾರಿನ ಮೇಲೆ ತಲೆಮಾರು ಹಬ್ಬುತ್ತದೆ. ಸೈರೆಕ್ಸ್ ಮರಿಹುಳದ ಹತ್ತಿರ ಬಂದಾಗ ಮಾತ್ರ, ಅಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಆಮ್ಲೀಯತೆ ಏರಿದ್ದರಿಂದ, ಎಳೆಯ ಜಂತುಗಳು ಬೇರೆಯೇ ರೂಪದ ಹೆಣ್ಣುಗಳಾಗಿ ಬೆಳೆಯುತ್ತವೆ. ಇವುಗಳ ಬಾಯಿಯ ಸೂಜಿ ದೊಡ್ಡದು. ಕೂಡಿದ ಮೇಲೆ ಮರಿಹುಳದ ಚರ್ಮ ಚುಚ್ಚಿ ಒಳಹೋಗುತ್ತವೆ. ಮರಿಹುಳ ಕೋಶವಾಗುವ ಹೊತ್ತಿಗೆ ಸಾವಿರಾರು ಮರಿಜಂತುಗಳು ತಾಯಿಜಂತುವಿನಿಂದ ಹೊರಬಿದ್ದು ಕಣಜದ ಅಂಡಾಶಯದತ್ತ ಸಾಗಿ ಮೊಟ್ಟೆಗಳೊಳಗೇ ಸೇರುತ್ತವೆ.

ಕಣಜ ಎಂದಿನಂತೆ ಹಾರುತ್ತದೆ, ಹೊಸ ಮರ ಹುಡುಕಿ ಕೊರೆಯುತ್ತದೆ. ಆದರೆ ಅದು ಇಡುವ ಮೊಟ್ಟೆಯೊಳಗೆ ಮರಿಹುಳ ಇರುವುದಿಲ್ಲ, ನೂರರ ಆಸುಪಾಸಿನಲ್ಲಿ ಜಂತುಗಳಿರುತ್ತವೆ. ಜೊತೆಗೆ ಅವುಗಳ ಊಟವಾದ ಶಿಲೀಂಧ್ರವನ್ನೂ ಕಣಜವೇ ಬಿತ್ತುತ್ತದೆ. ಕಣಜವನ್ನು ಕೊಂದಿದ್ದರೆ ಈ ಹರಡುವ ಕೆಲಸ ಯಾರೂ ಮಾಡುತ್ತಿರಲಿಲ್ಲ.

ಮರಕ್ಕೆ ಸೇರಿಸುವುದು

ಜಂತು ಬೆಳೆಸಲು ಗೋಧಿ-ಅಕ್ಕಿ ಬೇಯಿಸಿ, ಕ್ರಿಮಿಶುದ್ಧ ಮಾಡಿದ ಫ್ಲಾಸ್ಕಿನಲ್ಲಿ ಶಿಲೀಂಧ್ರ ಬಿತ್ತಿ, ಅದರ ಮೇಲೆ ಜಂತು ಬಿಡುತ್ತಾರೆ. ನಾಲ್ಕಾರು ವಾರಕ್ಕೆ ಒಂದು ಫ್ಲಾಸ್ಕಿಗೆ ಹತ್ತಾರು ಲಕ್ಷ ಸಿಗುತ್ತದೆ. ಹಸಿರು ಬೂಷ್ಟು ಕಂಡರೆ ಫ್ಲಾಸ್ಕನ್ನು ತೆರೆಯದೆ ಎಸೆಯಬೇಕು. ನಮ್ಮ ಕಾಳುಮೆಣಸಿನ ಬಳ್ಳಿಗೆ ಉಪಕಾರಿಯಾದ, ಹಸಿರು ಬೂಷ್ಟಾಗಿ ಬೆಳೆಯುವ ಟ್ರೈಕೋಡರ್ಮಾ ಶಿಲೀಂಧ್ರ ಇಲ್ಲಿ ಶತ್ರು.

ತೋಪಿನಲ್ಲಿ ಕೆಲವು ಮರಗಳಿಗೆ ಮೊದಲೇ ಕಳೆನಾಶಕ ಚುಚ್ಚಿ ಸೊರಗಿಸಿ ಕಣಜವನ್ನು ಅಲ್ಲಿಗೆ ಸೆಳೆಯುತ್ತಾರೆ. ಕಣಜ ಮೊಟ್ಟೆಯಿಟ್ಟ ಮೇಲೆ ಆ ಮರ ಕಡಿದು, ಕೊಳವೆಯಂಥ ಮೊನೆಯ ಸುತ್ತಿಗೆಯಿಂದ 10 ಮಿ.ಮೀ. ಆಳದ ತೂತು, ಸುಮಾರು 30 ಸೆಂ.ಮೀ.ಗೆ ಒಂದರಂತೆ ಹೊಡೆಯುತ್ತಾರೆ. ಜಂತುಗಳನ್ನು ಜೆಲಟಿನ್‌ನಂಥ ಅಂಟಿನಲ್ಲಿ ಕಲಸಿ, ತೂತಿಗೆ ಸುಮಾರು 2,000ದಂತೆ ತುಂಬಿ ಬೆರಳಲ್ಲಿ ಒತ್ತುತ್ತಾರೆ. ಲೆಕ್ಕ ಹಾಕಿ: 15 ಮೀಟರ್ ದಿಮ್ಮಿಗೆ ಒಂದು ಸಾಲು ಅಂದರೆ 50 ತೂತು, ಒಂದು ಲಕ್ಷ ಜಂತು.

ಕೆಡುವುದು ಹೆಚ್ಚಾಗಿ ಇದೇ ಹಂತದಲ್ಲಿ. ಸುತ್ತಿಗೆಯ ಮೊನೆ ಮೊಂಡಾಗಿದ್ದರೆ ಕಟ್ಟಿಗೆಯ ಕೊಳವೆಗಳು ಕತ್ತರಿಸುವ ಬದಲು ಜಜ್ಜಿಹೋಗಿ ಬಾಯಿ ಮುಚ್ಚಿಕೊಳ್ಳುತ್ತವೆ; ಜಂತು ತೂತಿನಲ್ಲೇ ಒಣಗಿ ಸಾಯುತ್ತದೆ. ತೂತಿನ ಅಂಚು ನುಣುಪಾಗಿ ಕಾಣಬೇಕು, ನಾರು ಎದ್ದಿರಬಾರದು. ಅಂಟು ಬಿಸಿಲಿಗೆ ಬೆಚ್ಚಗಾಗಬಾರದು, ಐಸ್ ಪೆಟ್ಟಿಗೆ ಜೊತೆಗಿರಲಿ. ದಿಮ್ಮಿ ಒಣಗಿದ್ದರೂ ಅಷ್ಟೇ, ನೀಲಿ ಕಲೆ ಹಿಡಿಸುವ ಶಿಲೀಂಧ್ರ ಮೊದಲೇ ಜಾಗ ಹಿಡಿದಿದ್ದರೂ ಅಷ್ಟೇ: ಜಂತುವಿಗೆ ಊಟವಿಲ್ಲ.

ತಳಿ ಸಪ್ಪೆಯಾದ ಕಥೆ

ಆಸ್ಟ್ರೇಲಿಯಾದ ಗ್ರೀನ್ ಟ್ರಯಾಂಗಲ್ ಪ್ರದೇಶದಲ್ಲಿ 1987ರಿಂದ 1989ರೊಳಗೆ ಐವತ್ತು ಲಕ್ಷಕ್ಕೂ ಹೆಚ್ಚು ಪೈನ್ ಮರ ಸತ್ತವು. ಆಮೇಲೆ ಗೊತ್ತಾಗಿದ್ದು, ಬಳಸುತ್ತಿದ್ದ ಜಂತುವಿಗೆ ಕಣಜದೊಳಗೆ ಹೋಗುವ ಗುಣವೇ ಕುಂದಿದೆ ಎಂದು. ವರ್ಷಗಟ್ಟಲೆ ಫ್ಲಾಸ್ಕಿನಿಂದ ಫ್ಲಾಸ್ಕಿಗೆ ಶಿಲೀಂಧ್ರ ತಿನ್ನಿಸಿ ಬೆಳೆಸಿದ್ದರಿಂದ, ಶಿಲೀಂಧ್ರ ತಿಂದು ಬೇಗ ಹೆಚ್ಚುವ ಜಂತುಗಳೇ ಉಳಿದುಕೊಂಡಿದ್ದವು. ಟ್ಯಾಸ್ಮೇನಿಯಾದ ಕಮೋನಾ ಕಾಡಿನಿಂದ ಮತ್ತೆ ಹುರುಪಿನ ತಳಿ ತರಬೇಕಾಯಿತು. ಬೆಳೆಸಲು ಸುಲಭ ಎಂಬ ಗುಣವೇ ಈ ಜಂತುವಿನ ದೌರ್ಬಲ್ಯ. ಮೂಲ ತಳಿಯನ್ನು ದ್ರವ ಸಾರಜನಕದಲ್ಲಿ ಇಟ್ಟು, ಆಗಾಗ ಕಣಜದ ಮೂಲಕವೇ ಹಾಯಿಸಿ ಹೊಸದಾಗಿ ಪಡೆಯಬೇಕು.

ಫಲ ನೋಡಲು ದಿಮ್ಮಿಯನ್ನು ಬಲೆಯ ಪಂಜರದಲ್ಲಿಟ್ಟು ಹೊರಬರುವ ಕಣಜಗಳ ಹೊಟ್ಟೆ ಸೀಳಿ. ಮೊಟ್ಟೆಯೊಂದನ್ನು ನೀರಿನ ಹನಿಯಲ್ಲಿಟ್ಟು ಗಾಜಿನಿಂದ ಮೆಲ್ಲಗೆ ಒತ್ತಿದರೆ ಸೋಂಕಿದ ಮೊಟ್ಟೆಯಿಂದ ಜಂತುಗಳು ದಾರದ ಎಳೆಗಳಂತೆ ಹೊರಳುತ್ತಾ ಬರುತ್ತವೆ. ಗಂಡಿನ ವೃಷಣಗಳಲ್ಲೂ ಇರುತ್ತವೆ, ಆದರೆ ಗಂಡು ಮೊಟ್ಟೆಯಿಡುವುದಿಲ್ಲವಾದ್ದರಿಂದ ಅವುಗಳ ದಾರಿ ಅಲ್ಲಿಗೇ ಮುಗಿಯುತ್ತದೆ. ಸೋಂಕಿನ ಪ್ರಮಾಣ ಬರೆಯುವಾಗ ಗಂಡು, ಹೆಣ್ಣು ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ.